ಓದುಗರ ಪ್ರಶ್ನೆ: ಗಾಜಿನ ಪೆಟ್ಟಿಗೆಯಲ್ಲಿರುವ ಆ ಗುರುತುಗಳು

ಪ್ರಶ್ನೆ: ಲಂಡನ್ನಿನ ಫೌಂಡ್ಲಿಂಗ್ ಮ್ಯೂಸಿಯಂನಲ್ಲಿ ಕೊರೆದ ನಾಣ್ಯ, ಹೇಜಲ್ ಕಾಯಿಯ ಚಿಪ್ಪು ಮುಂತಾದವನ್ನು ಇಟ್ಟಿದ್ದಾರಂತೆ. ಇವು ತಾಯಂದಿರು ಮಗುವಿಗೆ ಕೊಟ್ಟ ನೆನಪಿನ ಕಾಣಿಕೆಗಳೇ?

ಉತ್ತರ: ಕೊಟ್ಟದ್ದು ಮಗುವನ್ನು ಬಿಟ್ಟುಹೋದ ಆಶ್ರಯಧಾಮದ ಕಚೇರಿಗೆ, ಮಗುವಿನ ಕೈಗೆ ಅವು ಸೇರುತ್ತಲೇ ಇರಲಿಲ್ಲ. ಸಾಕಲಾಗದೆ ತಾಯಂದಿರು ಬಿಟ್ಟುಹೋಗುವ ಮಕ್ಕಳಿಗಾಗಿ ‘ಫೌಂಡ್ಲಿಂಗ್ ಹಾಸ್ಪಿಟಲ್’ ಎಂಬ ಆಶ್ರಯಧಾಮ ತೆರೆಯಲು, ಹಡಗಿನ ಕಪ್ತಾನನಾಗಿದ್ದ ಥಾಮಸ್ ಕೋರಮ್ 17 ವರ್ಷ ಓಡಾಡಿ 1739ರಲ್ಲಿ ದೊರೆ ಎರಡನೇ ಜಾರ್ಜ್‌ನಿಂದ ಸನ್ನದು ಪಡೆದ. ಈ ಆಶ್ರಯಧಾಮಕ್ಕೆ ಮೊದಲ ಮಕ್ಕಳು ಸೇರಿದ್ದು 1741ರ ಮಾರ್ಚ್ 25ರಂದು. ತಾಯಿಯ ಹೆಸರು ಕೇಳುತ್ತಿರಲಿಲ್ಲ. ಗುಮಾಸ್ತ ‘ಬಿಲೆಟ್’ ಎಂಬ ನಮೂನೆಯಲ್ಲಿ ತಾರೀಖು, ಗಂಡೋ ಹೆಣ್ಣೋ, ಅಂದಾಜು ವಯಸ್ಸು, ಮೈಮೇಲಿನ ಬಟ್ಟೆ, ಮಚ್ಚೆ ಎಲ್ಲ ಬರೆದು, ತಾಯಿ ತಂದ ಗುರುತನ್ನು ಅದರ ಜೊತೆ ಇಟ್ಟು, ಮಡಿಸಿ ಮೊಹರು ಹಾಕುತ್ತಿದ್ದ. ಅದೇ ಸಂಖ್ಯೆಯ ಸೀಸದ ಬಿಲ್ಲೆ ಮಗುವಿನ ಕೊರಳಿಗೆ. ಆಮೇಲೆ ಹೊಸ ಹೆಸರಿನಲ್ಲಿ ದೀಕ್ಷಾಸ್ನಾನ. ಹೆಸರೇ ಬದಲಾದ ಮೇಲೆ ತಾಯಿಗೆ ಉಳಿಯುತ್ತಿದ್ದದ್ದು ಬಿಟ್ಟ ದಿನ ಮತ್ತು ಗುರುತು ಮಾತ್ರ. ಮೊಹರು ಒಡೆಯುತ್ತಿದ್ದದ್ದು ಆಕೆ ಮರಳಿ ಬಂದು ಕೇಳಿದರಷ್ಟೇ.

ನಾಣ್ಯ ಕೊರೆಸುವ ಶಕ್ತಿ ಎಲ್ಲರಿಗೂ ಎಲ್ಲಿತ್ತು? ಆಗ ಬಟ್ಟೆಯ ಚೂರೇ ಗುರುತು. ಎಷ್ಟೋ ಸಲ ಅದನ್ನು ಮಗುವಿನ ಅಂಗಿಯಿಂದಲೇ ಕತ್ತರಿಸಿ ಬಿಲೆಟ್‌ಗೆ ಚುಚ್ಚಿಡುತ್ತಿದ್ದರು. 1767ರಲ್ಲಿ ಚಾರ್ಲ್ಸ್ ಎಂಬ ಗಂಡುಮಗುವಿನ ಜೊತೆ ಬಂದದ್ದು ತುಂಡುಬಟ್ಟೆಗಳನ್ನು ಜೋಡಿಸಿ ಹೊಲಿದ ಪಟ್ಟಿ. ಮೇಲೆ ಹೃದಯದ ಕಸೂತಿ, ಅದರ ನಡುವೆಯೇ ಕತ್ತರಿ ಆಡಿದೆ. ಒಂದರ್ಧ ಕಡತಕ್ಕೆ, ಇನ್ನರ್ಧ ತಾಯಿಗೆ. 1775ರಲ್ಲಿ ಆಕೆ ಬಂದು ಮಗನನ್ನು ಕರೆದೊಯ್ದಳು. ಇಂಥ ಭಾಗ್ಯ ತೀರ ಕೆಲವರದು.

ಪ್ರಶ್ನೆ: ಯಾವ ಗುರುತು ಯಾವ ಮಗುವಿನದೆಂದು ಎಲ್ಲಕ್ಕೂ ಏಕೆ ಹೇಳಲಾಗುವುದಿಲ್ಲ?

ಉತ್ತರ: 1860ರ ದಶಕದಲ್ಲಿ ಜನರಿಗೆ ತೋರಿಸಲೆಂದು ಹಲವು ಗುರುತುಗಳನ್ನು ಬಿಲೆಟ್‌ಗಳಿಂದ ಬಿಡಿಸಿ ತೆಗೆದರು. ಯಾವುದು ಯಾವ ಸಂಖ್ಯೆಯದೆಂಬ ಕೊಂಡಿ ಅಲ್ಲೇ ಕಳಚಿತು. ಸದುದ್ದೇಶವೇ ಇರಬಹುದು, ಆದರೆ ಆದ ನಷ್ಟ ದೊಡ್ಡದು. ಬಿಲೆಟ್‌ನ ವರ್ಣನೆಯೊಂದಿಗೆ ತಾಳೆ ನೋಡಿ ಸಂಶೋಧಕರು ಅನೇಕವನ್ನು ಮತ್ತೆ ಜೋಡಿಸಿದ್ದಾರೆ.

ಪ್ರಶ್ನೆ: ಬಂದ ಮಕ್ಕಳನ್ನೆಲ್ಲ ಸೇರಿಸಿಕೊಳ್ಳುತ್ತಿದ್ದರೇ?

ಉತ್ತರ: ಇಲ್ಲ. 1742ರಿಂದ ತಾಯಂದಿರು ಚೀಲಕ್ಕೆ ಕೈ ಹಾಕಿ ಚೆಂಡು ಎತ್ತಬೇಕಿತ್ತು. ಬಿಳಿ ಬಂದರೆ ಮಗುವಿಗೆ ಜಾಗ (ರೋಗವಿಲ್ಲವೆಂದು ತಪಾಸಣೆ ಆದ ಮೇಲೆ), ಕೆಂಪಾದರೆ ಕಾಯಬೇಕು, ಕಪ್ಪಾದರೆ ಮಗುವಿನೊಂದಿಗೆ ವಾಪಸು. 1756ರಲ್ಲಿ ಸಂಸತ್ತು ಹಣ ಕೊಟ್ಟು, ಬಂದವರನ್ನೆಲ್ಲ ಸೇರಿಸಿಕೊಳ್ಳಬೇಕೆಂಬ ಷರತ್ತು ಹಾಕಿತು. 1760ರವರೆಗೆ ಸುಮಾರು 15,000 ಮಕ್ಕಳು ಬಂದರು, ಬಹುಪಾಲು ಬದುಕಲಿಲ್ಲ. ದೂರದ ಊರುಗಳಿಂದ ಹೊತ್ತು ತರುವಷ್ಟರಲ್ಲೇ ಕೂಸುಗಳು ಸೊರಗುತ್ತಿದ್ದವು, ಅಷ್ಟು ಜನಕ್ಕೆ ಹಾಲೂಡಿಸುವ ದಾದಿಯರನ್ನು ಹೊಂದಿಸುವುದೂ ಕಷ್ಟ.

ಪ್ರಶ್ನೆ: ಹೋದರೆ ಮೊದಲು ಏನು ನೋಡಬೇಕು?

ಉತ್ತರ: ಗುರುತುಗಳನ್ನೇ. ಆಮೇಲೆ ಚಿತ್ರಕಾರ ಹೊಗಾರ್ತ್ 1740ರಲ್ಲಿ ಬರೆದ ಕೋರಮ್‌ನ ಭಾವಚಿತ್ರ. ಸಂಗೀತಪ್ರಿಯರು ಸಂಗೀತ ಸಂಯೋಜಕ ಹ್ಯಾಂಡಲ್‌ನ ಸಂಗ್ರಹಕ್ಕೆ ಹೋಗಲಿ. 1750ರಿಂದ ತನ್ನ ‘ಮೆಸಾಯ’ ಕೃತಿಯ ಸಂಗೀತ ಕಛೇರಿಗಳ ಮೂಲಕ ಆತ ಈ ಮಕ್ಕಳಿಗಾಗಿ ಹಣ ಕೂಡಿಸಿದ. ಬ್ರನ್ಸ್‌ವಿಕ್ ಸ್ಕ್ವೇರ್‌ನ ಈ ಕಟ್ಟಡ ಮಾತ್ರ ಹಳೆಯದಲ್ಲ. ಮೂಲ ಕಟ್ಟಡ 1920ರ ದಶಕದಲ್ಲಿ ನೆಲಸಮವಾಯಿತು. ಅಲ್ಲಿನ ಕೋರ್ಟ್ ರೂಮಿನ (ಆಡಳಿತ ಮಂಡಳಿಯ ಸಭಾಕೊಠಡಿಯ) ಗಾರೆ ಅಲಂಕಾರದ ಚಾವಣಿಯನ್ನು ತಂದು ಇಲ್ಲಿ ಜೋಡಿಸಿದ್ದಾರೆ. ಬಟ್ಟೆಚೂರುಗಳಿಗಾಗಿಯೇ ಹೋಗುವವರು ಗಮನಿಸಿ: ಸುಮಾರು 5,000 ಚೂರುಗಳಿರುವ ಬಿಲೆಟ್ ಪುಸ್ತಕಗಳು ಮ್ಯೂಸಿಯಂನಲ್ಲಿಲ್ಲ, ಲಂಡನ್ ಆರ್ಕೈವ್ಸ್ ಎಂಬ ದಾಖಲೆ ಭಂಡಾರದಲ್ಲಿವೆ.