ಮೂರು ಹೆಸರಿನ ಕಂದು ಅಣಬೆ

ಪ್ರಶ್ನೆ: ಯುರೋಪಿನ ಪೈನ್ ಕಾಡಲ್ಲಿ ಕಂಡ ಅಣಬೆಯ ಫೋಟೊ ಗೆಳತಿ ಕಳಿಸಿದ್ದಾಳೆ. ಕಂದು ಟೋಪಿ, ಅದರಡಿಯಲ್ಲಿ ಪದರಗಳ ಬದಲು ಸ್ಪಂಜಿನಂಥದ್ದು, ಒತ್ತಿದ ಕಡೆ ನೀಲಿ. ಒಂದು ಪುಸ್ತಕದಲ್ಲಿ ಬೊಲೀಟಸ್ ಬೇಡಿಯಸ್, ಇನ್ನೊಂದರಲ್ಲಿ ಝೆರೊಕೋಮಸ್ ಬೇಡಿಯಸ್, ಮತ್ತೊಂದರಲ್ಲಿ ಇಮ್ಲೇರಿಯಾ ಬೇಡಿಯಾ ಅಂತಿದೆ. ಮೂರೂ ಒಂದೇನಾ? ನೀಲಿಯಾದರೆ ವಿಷ ಅಲ್ವಾ?

ಉತ್ತರ: ಮೂರೂ ಒಂದೇ. ಪುಸ್ತಕ ಯಾವಾಗ ಅಚ್ಚಾಯಿತು ಅನ್ನುವುದರ ಮೇಲೆ ಹೆಸರು ಬದಲಾಗುತ್ತದೆ, ಅಷ್ಟೇ. ಸ್ವೀಡನ್ನಿನ ಎಲಿಯಾಸ್ ಫ್ರೀಸ್ 1818ರಲ್ಲಿ ಇದನ್ನು ಬೇರೊಂದು ಅಣಬೆಯ ಬಗೆ ಎಂದೇ ಬರೆದಿದ್ದರು, ಆಮೇಲೆ ತಾವೇ ಬೇರೆ ಜಾತಿ ಮಾಡಿದರು. ಆಗ ಟೋಪಿಯಡಿ ರಂಧ್ರವಿರುವ ಮೆತ್ತನೆಯ ಅಣಬೆಗಳೆಲ್ಲ ಹೆಚ್ಚುಕಡಿಮೆ ಬೊಲೀಟಸ್ ಗುಂಪಿಗೇ ಹೋಗುತ್ತಿದ್ದವು. ಮುಂದೆ ಕೆಲವರು ಇದನ್ನು ಝೆರೊಕೋಮಸ್‌ಗೆ ಸೇರಿಸಿದರು. ಡಿಎನ್ಎ ನೋಡಿದಾಗ ಅಲ್ಲಿಗೂ ಸೇರಲಿಲ್ಲ. ಹಾಗಾಗಿ 2014ರಲ್ಲಿ ಇಟಲಿಯ ಆಲ್ಫ್ರೆಡೊ ವಿಜ್ಜೀನಿ ಇಮ್ಲೇರಿಯಾ ಅನ್ನುವ ಹೊಸ ಕುಲ, ಅಂದರೆ ಹತ್ತಿರದ ಜಾತಿಗಳ ಗುಂಪು, ಮಾಡಿದರು. ಬೆಲ್ಜಿಯಂನ ಅಣಬೆ ತಜ್ಞ ಲೂಯಿ ಇಮ್ಲರ್ ನೆನಪಿಗೆ ಇಟ್ಟ ಹೆಸರದು. ಈಗ ಬಳಸಬೇಕಾದ್ದು ಅದನ್ನೇ.

ನೀಲಿಗೂ ವಿಷಕ್ಕೂ ನೇರ ಸಂಬಂಧವಿಲ್ಲ. ಅಣಬೆಯೊಳಗಿನ ಕೆಲವು ಹಳದಿ ಬಣ್ಣದ ವಸ್ತುಗಳಿಗೆ ಗಾಳಿ ತಾಗಿದರೆ ನೀಲಿಯಾಗುತ್ತವೆ, ಸೇಬು ಕತ್ತರಿಸಿಟ್ಟರೆ ಕಪ್ಪಾಗುವ ಹಾಗೆ. ಈ ಕಂದು ಅಣಬೆ ನೀಲಿಯಾದರೂ ಜನ ಬೇಯಿಸಿ ತಿನ್ನುತ್ತಾರೆ. ಸೈತಾನನ ಬೊಲೀಟ್ ಅನ್ನುವುದೂ ನೀಲಿಯಾಗುತ್ತದೆ, ಅದು ತಿಂದರೆ ಹೊಟ್ಟೆ ಕೆಟ್ಟು ವಾಂತಿ ನಿಲ್ಲುವುದೇ ಇಲ್ಲ. ಕತ್ತರಿಸಿದರೂ ನೀಲಿಯಾಗದ ವಿಷದ ಅಣಬೆಗಳು ಎಷ್ಟೋ ಇವೆ. ಹಾಗಾಗಿ ಬಣ್ಣವೊಂದನ್ನೇ ನಂಬಿದರೆ ಎರಡೂ ಕಡೆ ಮೋಸ.

ಗುರುತು ಹಿಡಿಯಲು ದಂಟು ನೋಡಿ. ಫೋಟೊ ತೆಗೆಯುವವರು ಟೋಪಿಯನ್ನಷ್ಟೇ ತೆಗೆದು ಸುಮ್ನೆ ಬಿಡುತ್ತಾರೆ, ಅದರಿಂದ ಅರ್ಧ ಕೆಲಸವೂ ಆಗುವುದಿಲ್ಲ! ಇಮ್ಲೇರಿಯಾ ಬೇಡಿಯಾದ ದಂಟಿನ ಮೇಲೆ ಉದ್ದುದ್ದ ಕಂದು ಗೆರೆ ಇರುತ್ತವೆ, ಬಲೆಯಂಥ ವಿನ್ಯಾಸ ಇರುವುದಿಲ್ಲ. ತಿನ್ನುವ ಅಣಬೆಗಳಲ್ಲಿ ಹೆಸರಾಂತ ಬೊಲೀಟಸ್ ಎಡ್ಯುಲಿಸ್‌ನಲ್ಲಿ ಬಿಳಿ ಬಲೆ ಇದೆ, ಅದು ನೀಲಿಯಾಗುವುದೂ ಇಲ್ಲ. ಸೈತಾನನ ಬೊಲೀಟ್‌ನ ಟೋಪಿ ಬೂದುಬಿಳಿ, ಬೆಳೆದಾಗ ರಂಧ್ರಗಳು ಕೆಂಪು, ದಂಟಿನ ಮೇಲೆ ಕೆಂಪು ಬಲೆ. ಕಂದು ಅಣಬೆಯ ರಂಧ್ರಗಳು ಎಳೆಯದರಲ್ಲಿ ಕೆನೆಬಣ್ಣ, ಬಲಿತಾಗ ಹಸಿರು ಹಳದಿ. ಒದ್ದೆಯಾದರೆ ಟೋಪಿ ಅಂಟಂಟಾಗುತ್ತದೆ.

ಇನ್ನೊಂದು ವಿಷಯ. ಇದು ಮಣ್ಣಿನಿಂದ ವಿಕಿರಣಶೀಲ ಸೀಸಿಯಂ ಅನ್ನು ಜಾಸ್ತಿ ಎಳೆದುಕೊಳ್ಳುತ್ತದೆ. 1986ರ ಚೆರ್ನೊಬಿಲ್ ಅಣುಸ್ಥಾವರ ದುರಂತದ ನಂತರ ಯುರೋಪಿನಲ್ಲಿ ಅದೇ ದೊಡ್ಡ ಚಿಂತೆಯಾಗಿತ್ತು. ಗೆಳತಿಗೆ ಬುಡದಿಂದ ಪೂರ್ತಿ ಕಿತ್ತು, ಉದ್ದಕ್ಕೆ ಸೀಳಿ ಫೋಟೊ ಕಳಿಸಲು ಹೇಳಿ. ತಿನ್ನುವ ಯೋಚನೆ ಇದ್ದರೆ ಮಾತ್ರ ಫೋಟೊ ಸಾಲದು, ಅಣಬೆಯನ್ನೇ ಅಲ್ಲಿನ ತಜ್ಞರಿಗೆ ತೋರಿಸಲಿ.