ಮೂಗಿಗಿಂತ ಮೂಗುತಿ ಭಾರವೇ? ವೇಕ್‌ಬೋರ್ಡ್ ದೋಣಿಗೆ ನೀರಿನ ಹೊರೆ

ಪ್ರಶ್ನೆ: ನಮ್ಮ ವೇಕ್‌ಬೋರ್ಡ್ ದೋಣಿ (ಹಲಗೆಯ ಮೇಲೆ ನಿಂತ ಸವಾರನನ್ನು ಹಗ್ಗದಿಂದ ಎಳೆಯುತ್ತಾ, ಅವನು ಹಾರಲು ಹಿಂದೆ ಅಲೆ ಎಬ್ಬಿಸುವ ದೋಣಿ) 6.5 ಮೀಟರ್ ಉದ್ದ, 2.4 ಮೀಟರ್ ಅಗಲ. ನೀರು ತುಂಬಿ ದೋಣಿಯ ಭಾರ ಹೆಚ್ಚಿಸಿ ಅಲೆ ದೊಡ್ಡದು ಮಾಡಲೆಂದು ಕಂಪನಿಯವರು ಕೂರಿಸಿದ ಮೂರು ಗಟ್ಟಿ ಟ್ಯಾಂಕುಗಳಿವೆ, ಒಂದೊಂದಕ್ಕೆ ಸುಮಾರು 110 ಲೀಟರ್ ಹಿಡಿಯುತ್ತದೆ. ಏಳುವ ಅಲೆ ಸಪ್ಪೆ. ಹಿಂದೆ ಎರಡೂ ಮೂಲೆಗೆ 340 ಲೀಟರಿನ ಒಂದೊಂದು ನೀರಿನ ಚೀಲ, ಮೂತಿಯಲ್ಲಿ 300 ಲೀಟರಿನ ಇನ್ನೊಂದು ಹಾಕಬೇಕೆಂದಿದ್ದೇವೆ. ಯಾವ ಪಂಪು, ಎಷ್ಟು ದಪ್ಪದ ಪೈಪು, ಎಂಥ ವೈರು?

ಉತ್ತರ: ಪಂಪಿನ ಮಾತು ಆಮೇಲೆ, ಮೊದಲು ತೂಕ. ಒಂದು ಲೀಟರ್ ನೀರೆಂದರೆ ಒಂದು ಕಿಲೋ. ನೀವು ಹೊಸದಾಗಿ ಹೇರುವುದು 980 ಕಿಲೋ, ಅಂದರೆ 75 ಕಿಲೋ ತೂಗುವ ಹದಿಮೂರು ಜನ. ಹಳೆಯ ಟ್ಯಾಂಕುಗಳನ್ನೂ ಸೇರಿಸಿದರೆ 1310 ಕಿಲೋ. ನಿಮ್ಮ ಅಳತೆಯ ದೋಣಿ ನೀರಿನ ಮೇಲೆ ಸುಮಾರು 11.7 ಚದರ ಮೀಟರ್ ಜಾಗ ಹಿಡಿಯುತ್ತದೆಂದು ಲೆಕ್ಕ ಹಾಕಿದರೆ, ಹೊಸ ಹೊರೆಗೆ ಅದು ಸರಾಸರಿ 8.4 ಸೆಂ.ಮೀ. ಕೆಳಗಿಳಿಯುತ್ತದೆ. ಹಿಂದೆ ಭಾರ ಹೆಚ್ಚಿರುವುದರಿಂದ ಹಿಂಬದಿ ಇನ್ನೂ ಹೆಚ್ಚು ಕೂರುತ್ತದೆ. ಚುಕ್ಕಾಣಿಯ ಬಳಿ ಅಂಟಿಸಿರುವ ಸಾಮರ್ಥ್ಯದ ಫಲಕ ನೋಡಿ. ಜನ, ಸಾಮಾನು, ನೀರು ಮೂರನ್ನೂ ಕೂಡಿಸಿದ ತೂಕ ಅದರೊಳಗೇ ಇರಬೇಕು. ಮೀರುವುದಾದರೆ ಚೀಲ ಚಿಕ್ಕದಾಗಲಿ, ಇಲ್ಲವೇ ಜನ ಕಡಿಮೆಯಾಗಲಿ. ಅಲೆ ದೊಡ್ಡದು ಬೇಕೆಂದು ದೋಣಿಯ ಅಂಚನ್ನೇ ನೀರಿಗೆ ತಾಗಿಸಿದರೆ ಮೂಗಿಗಿಂತ ಮೂಗುತಿ ಭಾರವಾಯಿತು.

ಹಿಂದೆ ಎರಡು ಪಾಲು, ಮುಂದೆ ಒಂದು ಪಾಲು ಎಂಬ ನಿಮ್ಮ ಹಂಚಿಕೆ ಒಳ್ಳೆಯ ಆರಂಭ. ಹಿಂದೆ ಹೆಚ್ಚಿಸಿದಷ್ಟೂ ಅಲೆ ಎತ್ತರ, ಕಡಿದು. ಮುಂದೆ ಹೆಚ್ಚಿಸಿದರೆ ಇಳಿಜಾರು ಉದ್ದ, ಹತ್ತಲು ಹದ. ಆದರೆ ಮೂತಿ ತೀರಾ ಭಾರವಾದರೆ ನಿಮ್ಮದೇ ಅಲೆಗೆ ಅಡ್ಡ ತಿರುಗಿ ಬರುವಾಗ ಮೂತಿ ನೀರು ಮೊಗೆದುಕೊಳ್ಳುತ್ತದೆ.

ಇನ್ನು ಪಂಪು. ಎರಡು ಜಾತಿ ಬಳಕೆಯಲ್ಲಿವೆ. ಮೊದಲನೆಯದು ರಬ್ಬರ್ ಇಂಪೆಲ್ಲರ್ (ನೀರು ತಳ್ಳುವ ರೆಕ್ಕೆಚಕ್ರ) ಇರುವ, ಹಿಂದಕ್ಕೂ ತಿರುಗುವ ರಿವರ್ಸಿಬಲ್ ಪಂಪು. ಪ್ಲಸ್ ಮೈನಸ್ ಅದಲುಬದಲು ಮಾಡಿದರೆ ಅದೇ ಪಂಪು ತುಂಬುತ್ತದೆ, ಅದೇ ಖಾಲಿ ಮಾಡುತ್ತದೆ. ತಾನೇ ನೀರೆಳೆದುಕೊಳ್ಳುತ್ತದೆ, ಹಾಗಾಗಿ ನೀರಿನ ಮಟ್ಟಕ್ಕಿಂತ ತುಸು ಮೇಲಿದ್ದರೂ ನಡೆದೀತು. ಹೆಸರಿಗೆ ನಿಮಿಷಕ್ಕೆ 45–50 ಲೀಟರ್, ಪೈಪು–ಚೀಲ ಜೋಡಿಸಿದ ಮೇಲೆ 40 ಸಿಕ್ಕರೆ ಸಾಕು ಎನ್ನಿ. ನಿಮ್ಮ 340 ಲೀಟರಿಗೆ ಎಂಟೂವರೆ ನಿಮಿಷ. ಎರಡನೆಯದು ಏರೇಟರ್ ಪಂಪು. ಅಗ್ಗ, ಹೆಸರಿಗೆ ನಿಮಿಷಕ್ಕೆ 70 ಲೀಟರ್, ಒಣಗಿ ತಿರುಗಿದರೂ ಕೂಡಲೇ ಕೆಡುವುದಿಲ್ಲ. ಆದರೆ ತಾನೇ ನೀರೆಳೆಯದು, ಹಿಂದಕ್ಕೂ ತಿರುಗದು. ಪ್ರತಿ ಚೀಲಕ್ಕೆ ತುಂಬಲೊಂದು, ಖಾಲಿ ಮಾಡಲೊಂದು ಎಂದರೆ ಆರು ಪಂಪು, ಅಷ್ಟೇ ಪೈಪು, ದೋಣಿಗೆ ಅಷ್ಟೇ ತೂತು. ಎಂಟೂವರೆ ನಿಮಿಷ ಕಾಯಲಾರೆವು ಎನ್ನುವವರ ಹೊರತು ಉಳಿದವರಿಗೆ ಮೂರು ಇಂಪೆಲ್ಲರ್ ಪಂಪೇ ಲೇಸು.

ಮೂರಕ್ಕೂ ಒಂದೇ ಒಳಹರಿವು ಮಾಡುವುದಾದರೆ ತಳದ ತೂತು ಒಂದಿಂಚು ಸಾಲದು. ನಿಮಿಷಕ್ಕೆ 120 ಲೀಟರ್ ಒಂದಿಂಚಿನ ಪೈಪಿನಲ್ಲಿ ಸೆಕೆಂಡಿಗೆ ಸುಮಾರು 4 ಮೀಟರ್ ವೇಗದಲ್ಲಿ ಓಡಬೇಕಾಗುತ್ತದೆ, ಪಂಪುಗಳು ಒಂದರ ನೀರನ್ನು ಇನ್ನೊಂದು ಕಸಿದುಕೊಳ್ಳುತ್ತವೆ. ಒಂದೂವರೆ ಇಂಚಿನ ತೂತಿನಿಂದ ಹಂಚುಪೈಪಿಗೆ ತನ್ನಿ, ಅಲ್ಲಿಂದ ಒಂದೊಂದು ಪಂಪಿಗೆ ಒಂದಿಂಚು. ಪಂಪಿನವರೆಗಿನ ಪೈಪಿನೊಳಗೆ ತಂತಿಯ ಸುರುಳಿ ಇರಲೇಬೇಕು. ಇಲ್ಲದಿದ್ದರೆ ಎಳೆತಕ್ಕೆ ಅದು ಒಳಗೆ ಕುಗ್ಗಿ ಮುಚ್ಚಿಕೊಳ್ಳುತ್ತದೆ.

ತಳದ ತೂತಿಗೆ ಕಂಚಿನ ಬಾಲ್ ವಾಲ್ವ್ (ಒಳಗಿನ ತೂತಿರುವ ಗುಂಡನ್ನು ತಿರುಗಿಸಿ ನೀರು ಬಿಡುವ, ತಡೆಯುವ ವಾಲ್ವ್) ಕಡ್ಡಾಯ. ನೀರಿನ ಮಟ್ಟಕ್ಕಿಂತ 60 ಸೆಂ.ಮೀ. ಕೆಳಗೆ ಒಂದಿಂಚಿನ ಪೈಪೊಂದು ಕಳಚಿದರೆ ಸೆಕೆಂಡಿಗೆ ಸುಮಾರು ಒಂದು ಲೀಟರ್ ಒಳನುಗ್ಗುತ್ತದೆ, ಗಂಟೆಗೆ 3.6 ಟನ್. ಒಂದೂವರೆ ಇಂಚಾದರೆ ಅದರ ಎರಡು ಪಟ್ಟಿಗೂ ಮಿಕ್ಕಿ. ದೋಣಿಯ ತಳದಲ್ಲಿ ಸೇರಿದ ನೀರನ್ನು ಹೊರಹಾಕುವ ಮಾಮೂಲಿ ಬಿಲ್ಜ್ ಪಂಪು ಒಂದಿಂಚಿನದಕ್ಕೇ ಏದುಸಿರು ಬಿಡುತ್ತದೆ. ಆದ್ದರಿಂದ ನೀರಿನ ಮಟ್ಟದ ಕೆಳಗಿನ ಪ್ರತಿ ಜೋಡಣೆಗೂ ಎರಡೆರಡು ಸ್ಟೇನ್‌ಲೆಸ್ ಕ್ಲಾಂಪ್. ವಾಲ್ವಿನ ಹಿಡಿ ಹಿಂದಿನ ಸೀಟಿನ ಕೆಳಗೆ ಹೂತುಹೋಗಿದ್ದರೆ ಅದಿದ್ದೂ ಇಲ್ಲದಂತೆ.

ತೂತಿನ ಹೊರಬಾಯಿ ಮುಂದಕ್ಕೆ ತೆರೆದ ಸೌಟಿನಂತಿರದೆ, ತಳಕ್ಕೆ ಒತ್ತಿಕೊಂಡ ಚಪ್ಪಟೆ ಜಾಲರಿಯಿರಲಿ. ವೇಕ್‌ಬೋರ್ಡಿನ 35 ಕಿ.ಮೀ. ವೇಗದಲ್ಲಿ ಸೌಟಿನ ಬಾಯಿಗೆ ಬಡಿಯುವ ಒತ್ತಡ 4.8 ಮೀಟರ್ ಎತ್ತರದ ನೀರಿಗೆ ಸಮ. ಪಂಪು ನಿಂತಿದ್ದರೂ ಸವೆದ ಇಂಪೆಲ್ಲರನ್ನು ದಾಟಿ ಚೀಲ ತಾನಾಗಿ ತುಂಬುತ್ತದೆ. ಸೌಟನ್ನು ಹಿಂದಕ್ಕೆ ತಿರುಗಿಸಿದರೆ ಆ ಚೀಲವೇ ತಾನಾಗಿ ಬರಿದಾಗುತ್ತದೆ. ತುಂಬಿಯಾದ ಮೇಲೆ ವಾಲ್ವ್ ಮುಚ್ಚುವ ರೂಢಿ ಇಟ್ಟುಕೊಂಡರೆ ಎರಡೂ ತಾಪತ್ರಯ ತಪ್ಪಿದವು.

ಹೆಚ್ಚಿನವರು ಎಡವುವುದು ನೀರಿನ ದಾರಿಯಲ್ಲಲ್ಲ, ಗಾಳಿಯ ದಾರಿಯಲ್ಲಿ. ಚೀಲದ ಅತಿ ಎತ್ತರದ ತುದಿಯಿಂದ ಗಾಳಿಪೈಪು ಹೊರಟು, ನಡುವೆ ಎಲ್ಲೂ ಜೋತುಬೀಳದೆ ಏರುತ್ತಾ, ದೋಣಿಯ ಅಂಚಿನ ಹತ್ತಿರ ಹೊರಬರಬೇಕು. ಜೋತ ಕಡೆ ನೀರು ನಿಂತರೆ ಗಾಳಿಗೆ ದಾರಿಯಿಲ್ಲ. ಅದರ ಬಾಯಿ ಮುಚ್ಚಿರುವಾಗ ಪಂಪು ಓಡಿಸಿದರೆ ಚೀಲ ಸೀಟಿನ ಮುಚ್ಚಳವನ್ನು ಎತ್ತಿಹಾಕುತ್ತದೆ, ಇಲ್ಲವೇ ಹೊಲಿಗೆಯಲ್ಲಿ ಬಿರಿಯುತ್ತದೆ. ಮುಕ್ಕಾಲು ಇಂಚಿಗಿಂತ ಸಣ್ಣ ಪೈಪು ಬೇಡ. ಚೀಲದ ಗಾಳಿಪೈಪಿಗೆ ಹೊರಕ್ಕಷ್ಟೇ ಬಿಡುವ ಚೆಕ್ ವಾಲ್ವ್ ಹಾಕಿ. ಆಗ ಖಾಲಿ ಮಾಡುವಾಗ ಒಳಗೆ ಗಾಳಿ ಬಾರದೆ ಚೀಲ ಚಪ್ಪಟೆಯಾಗಿ ಪೂರ್ತಿ ಬರಿದಾಗುತ್ತದೆ. ನಿಮ್ಮ ಹಳೆಯ ಗಟ್ಟಿ ಟ್ಯಾಂಕಿಗೆ ಮಾತ್ರ ಇದನ್ನು ಹಾಕಲೇಬಾರದು. ಅದಕ್ಕೆ ಗಾಳಿ ಒಳಬರಲೇಬೇಕು, ಬಾರದಿದ್ದರೆ ನೀರು ಬಾರದು, ಟ್ಯಾಂಕಿನ ಗೋಡೆಯೇ ಒಳಕ್ಕೆ ಎಳೆದುಕೊಳ್ಳುತ್ತದೆ.

ವೈರಿನಲ್ಲಿ ಕಂಜೂಸಿ ಬೇಡ. ಪಂಪೊಂದು 12 ವೋಲ್ಟಿನಲ್ಲಿ 20 ಆಂಪಿಯರ್ ಎಳೆಯುತ್ತದೆಂದುಕೊಳ್ಳಿ. ಹೋಗಿಬರುವ ಉದ್ದ 6 ಮೀಟರ್ ಇದ್ದರೆ 2.5 ಚದರ ಮಿ.ಮೀ. ವೈರಿನಲ್ಲಿ 0.84 ವೋಲ್ಟ್ ದಾರಿಯಲ್ಲೇ ಸೋರಿಹೋಗುತ್ತದೆ, 6 ಚದರ ಮಿ.ಮೀ. ವೈರಿನಲ್ಲಿ 0.35. ಎರಡನೆಯದನ್ನೇ ಹಾಕಿ, ತವರ ಲೇಪಿಸಿದ ಎಳೆಗಳಿರುವುದು. ಮೂತಿಯ ಪಂಪಿಗೆ ದೂರ ಹೆಚ್ಚು, ಅಲ್ಲಿಗೆ 10. ಪ್ರತಿ ಪಂಪಿಗೂ ತಯಾರಕರು ಹೇಳಿದ ಅಳತೆಯ ಬೇರೆ ಫ್ಯೂಸ್, ಮೇನ್ ಫ್ಯೂಸ್ ಬ್ಯಾಟರಿಯಿಂದ 18 ಸೆಂ.ಮೀ. ಒಳಗೆ. ಮೂರೂ ಓಡುವಾಗ 60 ಆಂಪಿಯರ್, ಎಂಜಿನ್ ನಡೆಯುತ್ತಿರುವಾಗಲೇ ತುಂಬಿ. ಡ್ಯಾಶ್‌ಬೋರ್ಡಿನ ಸ್ವಿಚ್ಚು ರಿಲೇಯನ್ನಷ್ಟೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಚ್ಚುವ ಸಾಧನ) ಒತ್ತಲಿ, ಪಂಪಿನ ಪೂರಾ ಕರೆಂಟು ಅದರ ಮೂಲಕ ಹೋದರೆ ಸಂಪರ್ಕಗಳು ಸುಟ್ಟುಹೋಗುತ್ತವೆ. ಪೆಟ್ರೋಲ್ ಎಂಜಿನ್ನಿನ ಗೂಡಿನಲ್ಲಿ ಕೂರುವ ಪಂಪು, ರಿಲೇ ಎರಡೂ ಕಿಡಿ ಹೊರಬೀಳದಂಥ, ಇಗ್ನಿಷನ್ ಪ್ರೊಟೆಕ್ಟೆಡ್ ಎಂಬ ಗುರುತಿರುವಂಥವೇ ಆಗಿರಬೇಕು.

ಪ್ರಶ್ನೆ: ಏರೇಟರ್ ಪಂಪು ಹಾಕಿದ್ದೇವೆ. ಸದ್ದು ಬರುತ್ತದೆ, ನೀರು ಬರುವುದಿಲ್ಲ. ಒಮ್ಮೊಮ್ಮೆ ತಾನಾಗಿ ಸರಿಹೋಗುತ್ತದೆ.

ಉತ್ತರ: ಏರ್ ಹಿಡಿದಿದೆ. ಹಿಂದಿನ ಸವಾರಿಯಲ್ಲಿ ತಳದ ಬಾಯಿ ನೊರೆನೀರು ಕುಡಿದು ಪಂಪಿನ ಕೋಶದಲ್ಲಿ ಗಾಳಿಗುಳ್ಳೆ ಉಳಿದಿರುತ್ತದೆ. ತಕ್ಷಣದ ಉಪಾಯವೆಂದರೆ ದೋಣಿಯನ್ನು ಒಂದೆರಡು ಸಲ ಮೆಲ್ಲಗೆ ಹಿಂದೆಮುಂದೆ ಮಾಡಿ ಪಂಪು ನಿಲ್ಲಿಸಿ ಹಚ್ಚುವುದು. ಶಾಶ್ವತ ಉಪಾಯ ಬೇಕಿದ್ದರೆ ಪಂಪನ್ನು ಇನ್ನೂ ತಗ್ಗಿಗಿಳಿಸಿ, ಅದರ ಹೊರಬಾಯಿ ಮೇಲ್ಮುಖವಾಗಿರಲಿ, ಅಲ್ಲಿಂದ ಪೈಪು ಏರುತ್ತಲೇ ಹೋಗಲಿ. ಒಂದೇ ಹಂಚುಪೈಪಿನಲ್ಲಿ ಇನ್ನೊಂದು ಪಂಪೂ ಇದ್ದರೆ, ಅದು ಓಡುವಾಗ ನಿಂತ ಪಂಪಿನ ಮೂಲಕ ಖಾಲಿ ಚೀಲದ ಗಾಳಿಯನ್ನು ಎಳೆದುಕೊಳ್ಳುತ್ತಿರಬಹುದು. ಅದನ್ನೂ ನೋಡಿ.

ಪ್ರಶ್ನೆ: ಚೀಲ ಅರ್ಧ ತುಂಬಿಸಿ ಓಡಿಸಬಹುದೇ?

ಉತ್ತರ: ಬೇಡ. ತೆರಪಿರುವ ನೀರು ತಿರುವಿನಲ್ಲಿ ವಾಲಿದ ಬದಿಗೇ ಓಡಿ ಇನ್ನಷ್ಟು ವಾಲಿಸುತ್ತದೆ. ಈ ಪರಿಣಾಮ ಅಗಲದ ಘನಕ್ಕೆ ತಕ್ಕಂತೆ ಬೆಳೆಯುವುದರಿಂದ ದೋಣಿಯಗಲದ ಒಂದು ಟ್ಯಾಂಕಿಗೆ ನಟ್ಟನಡುವೆ ಗೋಡೆ ಕೊಟ್ಟರೆ ಅದು ಕಾಲು ಭಾಗಕ್ಕಿಳಿಯುತ್ತದೆ. ಕಡಿಮೆ ತೂಕ ಬೇಕೆನಿಸುವ ದಿನಗಳಿಗೆ ದೊಡ್ಡದೊಂದರ ಬದಲು ಸಣ್ಣ ಎರಡು ಚೀಲ ಇಟ್ಟುಕೊಂಡು ಒಂದನ್ನೇ ತುಂಬಿಸಿ.

ಪ್ರಶ್ನೆ: ಹೊರೆ ಹಾಕಿದ ಮೇಲೆ ದೋಣಿ ನೀರಿನ ಮೇಲೆ ಏಳಲು ಒದ್ದಾಡುತ್ತದೆ. ಎಂಜಿನ್ ಹಳತಾಯಿತೇ?

ಉತ್ತರ: ಎಂಜಿನ್ನನ್ನು ಬೈಯುವ ಮುನ್ನ ಪ್ರೊಪೆಲ್ಲರ್ ನೋಡಿ. ಪೂರ್ತಿ ಥ್ರಾಟಲ್‌ನಲ್ಲೂ ಆರ್‌ಪಿಎಂ ತಯಾರಕರು ಹೇಳಿದ ಮಿತಿಗಿಂತ ಕೆಳಗೇ ನಿಂತರೆ ಪಿಚ್ (ಪ್ರೊಪೆಲ್ಲರ್ ಒಂದು ಸುತ್ತಿಗೆ ಮುಂದೆ ಸಾಗಬೇಕಾದ ದೂರ) ಹೆಚ್ಚಾಯಿತು. ಪಿಚ್ ಒಂದಿಂಚು ಇಳಿಸಿದರೆ 150–200 ಆರ್‌ಪಿಎಂ ಏರುತ್ತದೆ ಎಂಬುದು ರೂಢಿಯ ಅಂದಾಜು. ಆದರೆ ಹೊರೆಯಿಲ್ಲದೆ ಓಡಿಸುವಾಗ ಮಿತಿ ಮೀರದಂತೆ ಥ್ರಾಟಲ್ ಹಿಡಿದಿಡಬೇಕು.

ಪ್ರಶ್ನೆ: ಇಂಪೆಲ್ಲರ್ ಪದೇಪದೇ ಹರಿದುಹೋಗುತ್ತದೆ.

ಉತ್ತರ: ಚೀಲ ಬರಿದಾದ ಮೇಲೂ ಪಂಪು ಓಡುತ್ತಿದೆ. ಆ ರಬ್ಬರಿಗೆ ನೀರೇ ಎಣ್ಣೆ, ಒಂದು ನಿಮಿಷ ಒಣಗಿ ತಿರುಗಿದರೂ ರೆಕ್ಕೆ ಸುಟ್ಟು ಮುರಿಯುತ್ತದೆ. ಚೀಲ ಬರಿದಾಗಲು ಎಷ್ಟು ಹೊತ್ತೆಂದು ಒಮ್ಮೆ ಗಡಿಯಾರ ಹಿಡಿದು ಅಳೆದು, ಅಷ್ಟಕ್ಕೇ ನಿಲ್ಲುವ ಟೈಮರ್ ಹಾಕಿ. ಹೊಸದನ್ನು ಕೂರಿಸುವಾಗ ಗ್ಲಿಸರಿನ್ ಸವರಿ, ಗ್ರೀಸ್ ಬೇಡ. ಮುರಿದ ಚೂರುಗಳನ್ನು ಪೈಪಿನಿಂದ ಹುಡುಕಿ ತೆಗೆಯದೆ ಹೊಸದು ಹಾಕಿದರೆ ಅವೇ ಮುಂದೆ ಎಲ್ಲೋ ಸಿಕ್ಕಿಕೊಂಡು ಹರಿವನ್ನು ತಡೆಯುತ್ತವೆ.

ಪ್ರಶ್ನೆ: ಒಂದು ಸರೋವರದಿಂದ ಇನ್ನೊಂದಕ್ಕೆ ಒಯ್ಯುವಾಗ ಚೀಲದಲ್ಲಿ ತುಸು ನೀರು ಉಳಿದರೆ ತೊಂದರೆಯೇ?

ಉತ್ತರ: ತೊಂದರೆ ದೊಡ್ಡದೇ. ಜೀಬ್ರಾ ಮಸೆಲ್ ಎಂಬ ಚಿಪ್ಪುಜೀವಿಯ ಮರಿಗಳು ಕಣ್ಣಿಗೆ ಕಾಣುವುದಿಲ್ಲ, ಉಳಿದ ನೀರಿನಲ್ಲೇ ಹೊಸ ಸರೋವರ ಸೇರುತ್ತವೆ. ದಡದಲ್ಲೇ ಪೂರ್ತಿ ಖಾಲಿ ಮಾಡಿ, ಒಣಗಿಸಿ. ಬಿಸಿನೀರಿನಿಂದ ತೊಳೆಯುವುದಾದರೆ ನೀರು 60 ಡಿಗ್ರಿ ಇರಬೇಕು, ಆದರೆ ನಿಮ್ಮ ಪಂಪು ಮತ್ತು ಚೀಲ ಅಷ್ಟು ಶಾಖ ತಾಳುತ್ತವೆಯೇ ಎಂದು ಕೈಪಿಡಿ ನೋಡಿಯೇ ಹಾಯಿಸಿ. ನೀರು ಹೆಪ್ಪುಗಟ್ಟುವ ಊರಾದರೆ ಚಳಿಗಾಲಕ್ಕೆ ಮುನ್ನ ಪಂಪಿನ ಮೂಲಕ ಪ್ರೊಪಿಲೀನ್ ಗ್ಲೈಕಾಲ್ ಆಂಟಿಫ್ರೀಜ್ ಹಾಯಿಸಿ, ಬಾಲ್ ವಾಲ್ವನ್ನು ಅರ್ಧ ತೆರೆದು ಬಿಡಿ. ಪೂರ್ತಿ ತೆರೆದರೂ ಮುಚ್ಚಿದರೂ ಗುಂಡಿನ ಹಿಂದೆ ನೀರು ಉಳಿದು, ಹೆಪ್ಪುಗಟ್ಟಿ ವಾಲ್ವಿನ ಮೈಯನ್ನೇ ಸೀಳಬಹುದು.