ಮುತ್ತುಲಕ್ಷ್ಮಿ ರೆಡ್ಡಿಯವರನ್ನು ಕುರಿತ ನಿಮ್ಮ ಲೇಖನ: ಸಂಪಾದಕರ ಉತ್ತರ

ಪ್ರಿಯ ಲೇಖಕಿಯವರಿಗೆ ನಮಸ್ಕಾರ.

ವೈದ್ಯೆಯೂ ಶಾಸಕಿಯೂ ಆಗಿದ್ದ ಡಾ. ಮುತ್ತುಲಕ್ಷ್ಮಿ ರೆಡ್ಡಿಯವರ ಜೀವನವನ್ನು ಕುರಿತು ನೀವು ಕಳುಹಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾಗದು. ವಸ್ತು ನನಗೂ ತುಂಬ ಪ್ರಿಯವಾದುದರಿಂದ ಕಾರಣಗಳನ್ನು ಬಿಡಿಸಿ ಬರೆಯುತ್ತಿದ್ದೇನೆ.

ನಿಮ್ಮ ಲೇಖನದಲ್ಲಿ ‘ಮೊದಲ ಮಹಿಳೆ’ ಎಂಬ ಮಾತು ಹನ್ನೊಂದು ಬಾರಿ ಬಂದಿದೆ. ಸನ್ಮಾನಪತ್ರಕ್ಕೆ ಅಷ್ಟು ಸಾಕು, ಜೀವನಚಿತ್ರಕ್ಕೆ ಸಾಲದು. ಪುದುಕೋಟ್ಟೈಯಲ್ಲಿ 1886ರಲ್ಲಿ ಹುಟ್ಟಿದವರು ಗಂಡುಮಕ್ಕಳೇ ಓದುತ್ತಿದ್ದ ಕಾಲೇಜನ್ನು ಸೇರಿ, 1912ರಲ್ಲಿ ಮದರಾಸು ವೈದ್ಯಕೀಯ ಕಾಲೇಜಿನ ಪದವಿ ಪಡೆದದ್ದನ್ನು ವಿವರವಾಗಿ ಹೇಳಿದ್ದೀರಿ. ಅವರ ತಾಯಿ ಚಂದ್ರಮ್ಮಾಳ್ ದೇವದಾಸಿ ಮನೆತನದಿಂದ ಬಂದವರು ಎಂಬುದನ್ನು ಮಾತ್ರ ಅರ್ಧ ವಾಕ್ಯದಲ್ಲಿ ಮುಗಿಸಿದ್ದೀರಿ. ಸಂಕೋಚದಿಂದ ಹಾಗೆ ಮಾಡಿದ್ದರೆ ದಯವಿಟ್ಟು ಆ ಸಂಕೋಚವನ್ನು ಬಿಡಿ. ಮುಂದೆ ಶಾಸನಸಭೆಯಲ್ಲಿ ದೇವದಾಸಿ ಪದ್ಧತಿಯ ವಿರುದ್ಧ ಅವರು ಹಿಡಿದ ಪಟ್ಟು ಆ ಮನೆಯ ನೆನಪಿಲ್ಲದೆ ಓದುಗರಿಗೆ ಅರ್ಥವಾಗುವುದಿಲ್ಲ.

ಎರಡು ತಪ್ಪುಗಳನ್ನು ತಿದ್ದಲೇಬೇಕು. 1927ರಲ್ಲಿ ಅವರು ಮದರಾಸು ಶಾಸನಸಭೆಗೆ ಚುನಾವಣೆಯಲ್ಲಿ ಗೆದ್ದು ಹೋದವರಲ್ಲ, ನಾಮನಿರ್ದೇಶನಗೊಂಡವರು. ಸದಸ್ಯರು ಆಯ್ದದ್ದು ಉಪಾಧ್ಯಕ್ಷ ಸ್ಥಾನಕ್ಕೆ. ದೇವದಾಸಿ ಪದ್ಧತಿ 1930ರಲ್ಲಿ ರದ್ದಾಯಿತೆಂಬುದೂ ಸರಿಯಲ್ಲ. ಹಿಂದೂ ಧಾರ್ಮಿಕ ದತ್ತಿ ಕಾಯ್ದೆಗೆ ಅವರ ಪ್ರಯತ್ನದಿಂದ ಬಂದ 1929ರ ತಿದ್ದುಪಡಿಯಿಂದ, ದೇವಸ್ಥಾನದ ಸೇವೆಗೆಂದು ಕೊಟ್ಟಿದ್ದ ಇನಾಂ ಭೂಮಿಯನ್ನು ಸೇವೆ ಬಿಟ್ಟ ಮೇಲೂ ದೇವದಾಸಿಯರೇ ಉಳಿಸಿಕೊಳ್ಳುವಂತಾಯಿತು. ಜೀವನೋಪಾಯವನ್ನು ಕಿತ್ತುಕೊಂಡು ಬಿಡುಗಡೆ ಕೊಡಲಾಗದು ಎಂಬ ತಿಳಿವಳಿಕೆ ಅದರಲ್ಲಿದೆ. ನಿಮ್ಮ ಲೇಖನದ ಹೃದಯ ಇಲ್ಲೇ ಇರಬೇಕಿತ್ತು. ಹೆಣ್ಣುಮಕ್ಕಳನ್ನು ದೇವರಿಗೆ ಬಿಡುವುದನ್ನೇ ತಡೆಯುವ ಮಸೂದೆಯನ್ನು ಅವರು ಬಳಿಕ ತಂದರು. ಗಾಂಧೀಜಿಯವರ ಬಂಧನವನ್ನು ಪ್ರತಿಭಟಿಸಿ 1930ರಲ್ಲಿ ಅವರು ಸ್ಥಾನ ತ್ಯಜಿಸಿದರು. ಮದರಾಸಿನಲ್ಲಿ ಅಂಥ ಕಾನೂನು ಬಂದದ್ದು 1947ರಲ್ಲಿ. ಆ ರಾಜೀನಾಮೆಯನ್ನು ತ್ಯಾಗವೆಂದು ಹೊಗಳಿ ಮುಂದೆ ಹೋಗಿದ್ದೀರಿ. ಕೈಗೆತ್ತಿಕೊಂಡ ಕೆಲಸ ಅರ್ಧದಲ್ಲಿರುವಾಗ ಸ್ಥಾನ ಬಿಡುವುದು ಎಷ್ಟು ಕಠಿಣವಾಗಿದ್ದಿರಬೇಕು ಎಂದು ಒಂದು ಕ್ಷಣ ಅಲ್ಲಿ ನಿಲ್ಲಿ.

ವಿರೋಧಿಸಿದವರನ್ನೂ ‘ಸಂಪ್ರದಾಯವಾದಿಗಳು’ ಎಂಬ ಒಂದೇ ಪದದಲ್ಲಿ ತಳ್ಳಿಹಾಕಬೇಡಿ. ದೇವದಾಸಿ ಮನೆತನದಿಂದಲೇ ಬಂದ ಗಾಯಕಿ ಬೆಂಗಳೂರು ನಾಗರತ್ನಮ್ಮನವರಂಥ ಕಲಾವಿದೆಯರೂ ಆ ಮಸೂದೆಯನ್ನು ವಿರೋಧಿಸಿದ್ದರು. ತಮ್ಮ ಕಲೆ, ಆಸ್ತಿ, ಗೌರವಗಳ ಬಗ್ಗೆ ಅವರಿಗಿದ್ದ ಕಳವಳ ಸುಳ್ಳಾಗಿರಲಿಲ್ಲ. ಅವರ ಮಾತಿಗೂ ಜಾಗ ಕೊಟ್ಟರೆ ನಿಮ್ಮ ನಾಯಕಿ ಸಣ್ಣವರಾಗುವುದಿಲ್ಲ.

ಇನ್ನೊಂದು ಕೊರತೆಯೆಂದರೆ, ಶಾಸನಸಭೆಯ ಭಾಗಕ್ಕೆ ಬಂದೊಡನೆ ವೈದ್ಯೆ ಕಾಣೆಯಾಗಿಬಿಡುತ್ತಾರೆ. ವೃತ್ತಿಗೆ ಅಡ್ಡಿಯಾದೀತೆಂದು ಆ ಸ್ಥಾನವನ್ನು ಒಪ್ಪಲು ಮೊದಲು ಹಿಂಜರಿದವರು ಅವರು. ಶಾಲಾ ಮಕ್ಕಳ ವೈದ್ಯಕೀಯ ತಪಾಸಣೆ, ಹುಡುಗಿಯರ ಮದುವೆಯ ವಯಸ್ಸು ಇವುಗಳ ಬಗ್ಗೆ ಅವರು ವಾದಿಸಿದ್ದು ರೋಗಿಗಳ ಪಕ್ಕದಲ್ಲಿ ಕಂಡದ್ದರ ಬಲದಿಂದ. ಶಾಸಕಿಯಾಗಿ ತಾವು ಪಡೆದ ಅನುಭವವನ್ನು ಅವರೇ ಬರೆದಿಟ್ಟಿದ್ದಾರೆ. ಮರುಬರಹಕ್ಕೆ ಮೊದಲು ಅದನ್ನು ಓದಿ.

‘ಅವರ ಹೆಸರು ಅಜರಾಮರ’ ಎಂಬ ನಿಮ್ಮ ಕೊನೆಯ ವಾಕ್ಯವನ್ನು ತೆಗೆದುಬಿಡಿ. ತಂಗಿಯನ್ನು ಕ್ಯಾನ್ಸರಿನಿಂದ ಕಳೆದುಕೊಂಡ ವೈದ್ಯೆಯ ಪ್ರಯತ್ನದಿಂದ 1954ರಲ್ಲಿ ಮದರಾಸಿನ ಅಡ್ಯಾರಿನಲ್ಲಿ ಕ್ಯಾನ್ಸರ್ ಆಸ್ಪತ್ರೆ ಆರಂಭವಾಯಿತು ಎಂಬ ಸಂಗತಿ ನಿಮ್ಮ ಐದನೆಯ ಪುಟದಲ್ಲಿ ಹುದುಗಿದೆ. ಅದನ್ನು ಕೊನೆಗೆ ತಂದು, ಲೇಖನವನ್ನು ಅರ್ಧಕ್ಕೆ ಇಳಿಸಿ ಮತ್ತೆ ಕಳುಹಿಸಿ; ನಾನೇ ಓದುತ್ತೇನೆ.

ಇಂತು,
ಸಂಪಾದಕ